ಗ್ಯಾರೇಜ್ ರಿಮೋಟ್ ಕಾರಿನಲ್ಲೇ ಇರಬಹುದಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗ್ಯಾರೇಜ್ ತುಂಬಾ ಸಾಮಾನು. ಹಾಗಾಗಿ ಎರಡೂ ಕಾರು ಡ್ರೈವ್‌ವೇಯಲ್ಲೇ ನಿಲ್ಲುತ್ತವೆ. ಹೋದ ವಾರ ಎದುರು ಮನೆಯವರ ಕಾರಿನ ಗಾಜು ಒಡೆದರು. ಕಳುವಾಗಿದ್ದು ಗ್ಯಾರೇಜ್ ರಿಮೋಟ್ ಒಂದೇ. ನಮ್ಮ ರಿಮೋಟ್ ಕೂಡ ಯಾವಾಗಲೂ ಸನ್ ವೈಸರ್‌ಗೆ ಸಿಕ್ಕಿಸಿಯೇ ಇರುತ್ತದೆ. "ಈಗಿನ ರಿಮೋಟ್‌ಗಳಲ್ಲಿ ರೋಲಿಂಗ್ ಕೋಡ್ ಇದೆ, ಯಾರೂ ಕಾಪಿ ಮಾಡೋಕಾಗಲ್ಲ, ಹೆದರಬೇಡ" ಅಂತಾರೆ ನಮ್ಮ ಯಜಮಾನರು. ಮೈಸೂರಿನಿಂದ ಅತ್ತೆ ಮಾವ ಬಂದಿದ್ದಾರೆ, ಹಗಲು ಹೊತ್ತು ಮನೆಯಲ್ಲಿ ಅವರಿಬ್ಬರೇ. ನನಗೆ ಭಯ. ಒಂದು ಕಾರನ್ನು ಸದ್ಯದಲ್ಲೇ ಮಾರುವವರಿದ್ದೇವೆ, ಅದರ ಕನ್ನಡಿಯ ಕೆಳಗೇ ಗ್ಯಾರೇಜ್ ಬಟನ್ ಇದೆ. ಅದನ್ನು ಏನು ಮಾಡಬೇಕು? ಮೈಸೂರಿನ ಮನೆಗೂ ಈಚೆಗೆ ರಿಮೋಟ್ ಗೇಟ್ ಹಾಕಿಸಿದ್ದಾರೆ. ಅದಕ್ಕೂ ಇದೇ ತೊಂದರೆ ಇದೆಯಾ?

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಇದನ್ನು ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಎರಡೂ ಕಾರಿನಿಂದ ರಿಮೋಟ್ ತೆಗೆದು ಒಳಗಿಟ್ಟು ಬನ್ನಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ರೋಲಿಂಗ್ ಕೋಡ್ ಒಳ್ಳೆಯ ವ್ಯವಸ್ಥೆ. ಪ್ರತಿ ಸಲ ಬಟನ್ ಒತ್ತಿದಾಗಲೂ ರಿಮೋಟ್ ಹೊಸ ಸಂಖ್ಯೆ ಕಳಿಸುತ್ತದೆ. ಒಮ್ಮೆ ಬಳಸಿದ ಸಂಖ್ಯೆಯನ್ನು ಓಪನರ್, ಅಂದರೆ ಗ್ಯಾರೇಜ್ ಬಾಗಿಲು ಎತ್ತುವ ಮೋಟರ್, ಮತ್ತೆ ಒಪ್ಪುವುದಿಲ್ಲ. ದೂರ ನಿಂತು ಸಿಗ್ನಲ್ ಹಿಡಿದುಕೊಂಡವನು ಅದನ್ನೇ ಮತ್ತೆ ಕಳಿಸಿದರೆ ಬಾಗಿಲು ತೆರೆಯದು. ಆದರೆ ಎದುರು ಮನೆಗೆ ಬಂದವನು ಸಿಗ್ನಲ್ ಹಿಡಿಯಲಿಲ್ಲ, ಏನನ್ನೂ ಕಾಪಿ ಮಾಡಲಿಲ್ಲ. ಗಾಜು ಒಡೆದು ರಿಮೋಟನ್ನೇ ಎತ್ತಿಕೊಂಡು ಹೋದ. ಬಟನ್ ಒತ್ತುತ್ತಿರುವ ಬೆರಳು ಯಾರದು ಅಂತ ರೋಲಿಂಗ್ ಕೋಡಿಗೆ ಗೊತ್ತಾಗುವುದಿಲ್ಲ ಅಲ್ವಾ? ಅಸಲಿ ರಿಮೋಟ್ ಯಾರ ಕೈಯಲ್ಲಿದ್ದರೂ ಅದು ಅಸಲಿಯೇ.

ಡ್ರೈವ್‌ವೇಯಲ್ಲಿ ನಿಂತ ಕಾರಿನ ವಿಷಯದಲ್ಲಿ ಇನ್ನೊಂದು ಇದೆ. ಮಾಲ್ ಪಾರ್ಕಿಂಗ್‌ನಲ್ಲಿ ರಿಮೋಟ್ ಕದ್ದವನು ಮನೆ ಯಾವುದೆಂದು ಹುಡುಕಬೇಕು. ನಿಮ್ಮ ಮನೆ ಮುಂದೆ ಕದ್ದವನಿಗೆ ಆ ಕೆಲಸವೂ ಇಲ್ಲ. ಬಾಗಿಲು ಕಣ್ಣೆದುರೇ ಇದೆ. ಅವನು ಆಗಲೇ ಒತ್ತಬಹುದು. ಅಥವಾ ಸುಮ್ಮನೆ ಹೋಗಿ, ನಾಲ್ಕು ದಿನ ಬಿಟ್ಟು, ಹಗಲಲ್ಲಿ ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಬರಬಹುದು. ನನಗೆ ಜಾಸ್ತಿ ಚಿಂತೆ ಈ ಎರಡನೆಯದರದ್ದೇ. ಅಮೆರಿಕದ ಬಡಾವಣೆಗಳಲ್ಲಿ ಗ್ಯಾರೇಜ್ ಬಾಗಿಲು ಏಳುವ ಸದ್ದು ದಿನವಿಡೀ ಕೇಳುತ್ತಲೇ ಇರುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಒಳಗೆ ಹೋದವನು ಬಾಗಿಲು ಇಳಿಸಿಕೊಂಡರೆ ಮುಗಿಯಿತು. ಅಲ್ಲಿಂದ ಮುಂದೆ ಅವನು ಎಷ್ಟು ಹೊತ್ತು ಏನು ಮಾಡಿದರೂ ಬೀದಿಗೆ ಕಾಣುವುದಿಲ್ಲ.

ಆಮೇಲೆ ಅವನಿಗೂ ನಿಮ್ಮ ಅಡುಗೆಮನೆಗೂ ನಡುವೆ ಉಳಿಯುವುದು ಒಂದೇ ಬಾಗಿಲು, ಗ್ಯಾರೇಜಿನಿಂದ ಮನೆಯೊಳಗೆ ತೆರೆಯುವುದು. ಬೇ ಏರಿಯಾದ ನಮ್ಮವರ ಮನೆಗಳಿಗೆ ಕೆಲಸಕ್ಕೆ ಹೋದಾಗ ನಾನು ಮೊದಲು ನೋಡುವುದು ಇದನ್ನೇ. ದೃಶ್ಯ ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. ಗ್ಯಾರೇಜಿನ ಮೆಟ್ಟಿಲ ಪಕ್ಕ ಚಪ್ಪಲಿಗಳ ಸಾಲು, ಒಂದು ಕಾಸ್ಟ್‌ಕೋ ಅಕ್ಕಿ ಮೂಟೆ, ಗಣೇಶನ ಹಬ್ಬದ ಮಂಟಪದ ಡಬ್ಬ. ಮನೆಯವರೆಲ್ಲ ಓಡಾಡುವುದು ಈ ದಾರಿಯಲ್ಲೇ. ಮುಂಬಾಗಿಲು ನೆಂಟರಿಗೆ. ಆ ಮುಂಬಾಗಿಲಿಗೆ ಎರಡು ಲಾಕು, ಮೇಲೊಂದು ಕ್ಯಾಮೆರಾ. ಗ್ಯಾರೇಜಿನ ಒಳಬಾಗಿಲಿಗೆ ಲಾಕ್ ಇದ್ದರೂ ಹಾಕಿರುವುದಿಲ್ಲ. "ಗ್ಯಾರೇಜ್ ಹೇಗೂ ಮುಚ್ಚಿರುತ್ತಲ್ಲ" ಅನ್ನುತ್ತಾರೆ.

ಆ ಒಳಬಾಗಿಲು ಸಾಮಾನ್ಯವಾಗಿ ಗಟ್ಟಿಯಾದದ್ದೇ. ಗ್ಯಾರೇಜಿನಲ್ಲಿ ಬೆಂಕಿ ಬಿದ್ದರೆ ಮನೆಗೆ ಬೇಗ ಹರಡಬಾರದು ಅಂತ ಇಲ್ಲಿನ ಕಟ್ಟಡ ನಿಯಮವೇ ಅದನ್ನು ಕೇಳುತ್ತದೆ. 1⅜ ಇಂಚು ದಪ್ಪದ ಘನ ಮರದ್ದು, ಇಲ್ಲವೇ 20 ನಿಮಿಷ ಬೆಂಕಿ ತಡೆಯುವಂಥದ್ದು ಬೇಕು. ಅಂದರೆ ಒಳ್ಳೆಯ ಬಾಗಿಲಿಗೆ ದುಡ್ಡು ಆಗಲೇ ಹೋಗಿದೆ. ಬೇಕಾಗಿರುವುದು ಒಂದು ಡೆಡ್‌ಬೋಲ್ಟ್ (ಚೌಕಟ್ಟಿನೊಳಗೆ ಗಟ್ಟಿ ಸರಳು ಹೋಗಿ ಕೂರುವ ಲಾಕ್), ಮತ್ತು ಅದನ್ನು ಹಾಕುವ ಅಭ್ಯಾಸ. ಗ್ಯಾರೇಜ್ ಕಡೆಯಿಂದ ಕೀಲಿ, ಮನೆ ಕಡೆಯಿಂದ ಕೈಯಲ್ಲಿ ತಿರುಗಿಸುವ ಹಿಡಿ ಇರುವುದನ್ನೇ ಹಾಕಿಸಿ. ಎರಡೂ ಕಡೆ ಕೀಲಿ ಬೇಕಾಗುವುದು ಬೇಡ. ಅವಸರದಲ್ಲಿ ಹೊರಗೆ ಓಡಬೇಕಾದರೆ ನಿಮ್ಮ ಅತ್ತೆ ಕೀಲಿ ಹುಡುಕುತ್ತಾ ನಿಲ್ಲಬಾರದು. ದಿನಾ ಕೀಲಿ ಹಿಡಿದು ಓಡಾಡುವುದು ಕಷ್ಟ ಅಂದರೆ ನಂಬರ್ ಒತ್ತುವ ಲಾಕ್ ಹಾಕಿಸಿ. ರಿಮೋಟ್ ವಿಷಯದಲ್ಲಿ ನೀವು ಏನೇ ಮಾಡಿ, ಬಿಡಿ, ಈ ಬಾಗಿಲಿಗೆ ಲಾಕ್ ಬಿದ್ದರೆ ಅಪಾಯದ ದೊಡ್ಡ ಪಾಲು ಗ್ಯಾರೇಜಿನಲ್ಲೇ ನಿಲ್ಲುತ್ತದೆ.

ನಿಮ್ಮದು ಬಾಡಿಗೆ ಮನೆ ಅಂದಿರಲ್ಲ, ಅಲ್ಲಿ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ಆ ಓಪನರ್ ಇವತ್ತು ಒಟ್ಟು ಎಷ್ಟು ರಿಮೋಟ್‌ಗಳನ್ನು ಗುರುತು ಹಿಡಿಯುತ್ತದೆ? ಮಾಲೀಕರು ನಿಮಗೆ ಕೊಟ್ಟಿದ್ದು ಎರಡು ಇರಬಹುದು. ಹಿಂದಿನ ಬಾಡಿಗೆದಾರರು ಮರೆತು ತೆಗೆದುಕೊಂಡು ಹೋದದ್ದು, ಅವರ ಕಾರಿನ ಕನ್ನಡಿಯಲ್ಲಿ ಉಳಿದದ್ದು, ಮನೆ ಕ್ಲೀನ್ ಮಾಡುವವರಿಗೆ ಹೇಳಿದ ಕೀಪ್ಯಾಡ್ ನಂಬರ್, ಎಲ್ಲವೂ ಇನ್ನೂ ಕೆಲಸ ಮಾಡುತ್ತಿರಬಹುದು. ಹೊಸ ಮನೆಗೆ ಬಂದವರು ಮುಂಬಾಗಿಲ ಲಾಕ್ ಬದಲಾಯಿಸುತ್ತಾರೆ. ಓಪನರ್‌ನ ನೆನಪನ್ನು ಅಳಿಸುವವರು ಕಡಿಮೆ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ.

ಮಾಡುವುದು ಹೀಗೆ. ಮಾಲೀಕರಿಗೆ ಮೊದಲು ಒಂದು ಮೆಸೇಜ್ ಹಾಕಿ, ಅವರ ಬಳಿ ಇರುವ ರಿಮೋಟನ್ನೂ ಮತ್ತೆ ಸೇರಿಸಬೇಕಾಗುತ್ತದೆ. ಆಮೇಲೆ ಏಣಿ ಹಾಕಿ, ಒಬ್ಬರು ಏಣಿ ಹಿಡಿದುಕೊಳ್ಳಲಿ. ಚಾವಣಿಗೆ ತೂಗುಹಾಕಿದ ಮೋಟರ್ ಪೆಟ್ಟಿಗೆಯ ಹಿಂಭಾಗ ಅಥವಾ ಪಕ್ಕ ನೋಡಿ. ಒಂದು ತೆಳು ಆಂಟೆನಾ ವೈರ್ ಇಳಿಬಿದ್ದಿರುತ್ತದೆ, ಅದರ ಹತ್ತಿರವೇ ಬಣ್ಣದ ಒಂದು ಬಟನ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಬಲ್ಬಿನ ಮುಚ್ಚಳ ಕೆಳಗಿಳಿಸಿದರೆ ಮಾತ್ರ ಕಾಣುತ್ತದೆ. ಇದು ಲರ್ನ್ ಬಟನ್. ಚೇಂಬರ್‌ಲೇನ್ ಮತ್ತು ಲಿಫ್ಟ್‌ಮಾಸ್ಟರ್ ಮಾದರಿಗಳಲ್ಲಿ ಅದನ್ನು ಸುಮಾರು 6 ಸೆಕೆಂಡ್ ಒತ್ತಿ ಹಿಡಿಯಬೇಕು. ಪಕ್ಕದ ಪುಟ್ಟ ದೀಪ ಹೊತ್ತಿಕೊಂಡು, ಆಮೇಲೆ ಆರುತ್ತದೆ. ಆರಿತು ಅಂದರೆ ಅಷ್ಟೂ ರಿಮೋಟ್‌ಗಳು ಅಳಿಸಿಹೋದವು. ನಿಮ್ಮ ರಿಮೋಟ್ ಒತ್ತಿ ನೋಡಿ, ಬಾಗಿಲು ಅಲುಗಬಾರದು. ಆಮೇಲೆ ಅದೇ ಬಟನ್ ಒಮ್ಮೆ ಒತ್ತಿ ಬಿಟ್ಟು, 30 ಸೆಕೆಂಡಿನೊಳಗೆ ನಿಮ್ಮ ರಿಮೋಟ್ ಒತ್ತಿ ಹಿಡಿದರೆ ಮೋಟರಿನ ಬಲ್ಬ್ ಮಿಣುಕುತ್ತದೆ ಅಥವಾ ಕ್ಲಿಕ್ ಸದ್ದು ಬರುತ್ತದೆ. ಸೇರಿತು ಅಂತ ಅರ್ಥ. ಒಂದೊಂದಾಗಿ ಬೇಕಾದಷ್ಟನ್ನೇ ಸೇರಿಸಿ. ಹೊರಗಿನ ಕೀಪ್ಯಾಡನ್ನೂ ಹೊಸ ನಂಬರಿನಿಂದ ಸೇರಿಸಬೇಕು. ಜೀನಿ ಮುಂತಾದ ಬೇರೆ ಕಂಪನಿಯವುಗಳಲ್ಲಿ ವಿಧಾನ ಸ್ವಲ್ಪ ಬೇರೆ. ಪೆಟ್ಟಿಗೆಯ ಮೇಲಿರುವ ಮಾದರಿ ಸಂಖ್ಯೆ ಹುಡುಕಿದರೆ ಕೈಪಿಡಿ ಸಿಗುತ್ತದೆ. ಫೋನ್ ಆ್ಯಪ್ ಇರುವ ಮಾದರಿಯಾದರೆ ಆ್ಯಪಿನ ಖಾತೆಯಲ್ಲಿ ಯಾರ ಯಾರ ಹೆಸರಿದೆ ಅಂತ ಬೇರೆಯಾಗಿ ನೋಡಬೇಕು.

ಎದುರು ಮನೆಯವರು ಇದನ್ನು ಮಾಡಿದ್ದಾರಾ? ದಯವಿಟ್ಟು ಇವತ್ತೇ ಕೇಳಿ. ಗಾಜು ಹಾಕಿಸುವ ಓಡಾಟದಲ್ಲಿ, ಇನ್ಶೂರೆನ್ಸ್ ಕರೆಗಳಲ್ಲಿ, ಇದು ಮರೆತೇ ಹೋಗುತ್ತದೆ. ಹೊಸ ರಿಮೋಟ್ ಕೊಂಡು ಸೇರಿಸಿಕೊಂಡಿರುತ್ತಾರೆ, ಕಳುವಾದದ್ದನ್ನು ಅಳಿಸಿರುವುದಿಲ್ಲ. ಹೊಸದು ಸೇರಿಸಿದರೆ ಹಳೆಯದು ತಾನಾಗಿ ಹೋಗುವುದಿಲ್ಲ.

ರಿಮೋಟ್ ಕಳುವಾದದ್ದು ರಾತ್ರಿ ಗೊತ್ತಾಗಿ, ಏಣಿ ಹತ್ತುವ ಸ್ಥಿತಿ ಇಲ್ಲದಿದ್ದರೆ, ಗ್ಯಾರೇಜಿನ ಗೋಡೆಯ ಮೇಲೆ ಬಾಗಿಲು ಎತ್ತಿ ಇಳಿಸಲು ಇರುವ ಸ್ವಿಚ್ ಬೋರ್ಡ್ ನೋಡಿ. ಹಲವು ಮಾದರಿಗಳಲ್ಲಿ 'ಲಾಕ್' ಅಂತ ಒಂದು ಬಟನ್ ಇರುತ್ತದೆ. ಒತ್ತಿ ಹಿಡಿದರೆ ಯಾವ ರಿಮೋಟಿಗೂ ಓಪನರ್ ಓಗೊಡುವುದಿಲ್ಲ. ಊರಿಗೆ ಹೋಗುವಾಗಲೂ ಇದನ್ನು ಬಳಸಬಹುದು. ಪ್ಲಗ್ ಕಿತ್ತರೆ ಸಾಕಲ್ವಾ ಅಂತ ಹಲವರು ಕೇಳುತ್ತಾರೆ. ಹಳೆಯ ಓಪನರಿಗೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಹೊಸತಾಗಿ ಹಾಕಿಸಿದ್ದಕ್ಕೆ ಸಾಲದು. 2017ರ ಅಕ್ಟೋಬರ್‌ನಲ್ಲಿ ನಾಪಾ, ಸೊನೋಮಾ ಕಡೆ ಕಾಳ್ಗಿಚ್ಚು ಎದ್ದಾಗ ಕರೆಂಟ್ ಹೋಗಿ, ಗ್ಯಾರೇಜ್ ಬಾಗಿಲು ಎತ್ತಲಾಗದೆ ಜನ ಒಳಗೇ ಸಿಕ್ಕಿಕೊಂಡರು. ಕೆಲವರು ಜೀವ ಕಳೆದುಕೊಂಡರು. ಅದರ ನಂತರ ಬಂದ ಕಾನೂನಿನ ಪ್ರಕಾರ 2019ರ ಜುಲೈ 1ರಿಂದ ಇಲ್ಲಿ ಮಾರುವ, ಕೂಡಿಸುವ ಮನೆ ಓಪನರಿಗೆ ಬ್ಯಾಟರಿ ಇರಲೇಬೇಕು. ಹಾಗಾಗಿ ಪ್ಲಗ್ ಕಿತ್ತರೂ ಅದು ಬ್ಯಾಟರಿಯಲ್ಲಿ ತೆರೆಯುತ್ತದೆ. ಗೋಡೆಯ ಲಾಕ್ ಬಟನ್ ಬಳಸಿ.

ಈ ಕಾಳ್ಗಿಚ್ಚಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳುತ್ತೇನೆ. ಮೋಟರಿನ ಹಳಿಯಿಂದ ಕೆಂಪು ಹಿಡಿಯ ಹಗ್ಗ ಇಳಿಬಿದ್ದಿರುತ್ತದೆ. ಹೊರಗಿನಿಂದ ತಂತಿ ತೂರಿಸಿ ಅದನ್ನು ಎಳೆಯುತ್ತಾರೆ ಅಂತ ಕೇಳಿ ಕೆಲವರು ಅದನ್ನು ಕತ್ತರಿಸಿಯೇ ಬಿಡುತ್ತಾರೆ. ಹಾಗೆ ಮಾಡಲೇಬೇಡಿ. ಕರೆಂಟೂ ಬ್ಯಾಟರಿಯೂ ಇಲ್ಲದಾಗ ಬಾಗಿಲನ್ನು ಕೈಯಲ್ಲಿ ಎತ್ತುವ ದಾರಿ ಅದೊಂದೇ. ತಂತಿ ತಡೆಯುವ ಪ್ಲಾಸ್ಟಿಕ್ ತಟ್ಟೆ ಸಿಗುತ್ತದೆ, ಅದನ್ನು ಹಾಕಿಸಿ. ಮತ್ತು ಆ ಹಗ್ಗ ಎಳೆಯುವುದು ಹೇಗೆ ಅಂತ, ಬಾಗಿಲು ಮುಚ್ಚಿರುವಾಗ, ನಿಮ್ಮ ಮಾವನವರಿಗೆ ಒಮ್ಮೆ ತೋರಿಸಿ.

ಇನ್ನು ಕಾಪಿ ಮಾಡುವ ಕಳ್ಳರ ವಿಷಯ. ನಿಮ್ಮ ಯಜಮಾನರ ಮಾತು ನಿಜವಾಗಬೇಕಾದರೆ ಓಪನರ್ ನಿಜವಾಗಿಯೂ ರೋಲಿಂಗ್ ಕೋಡಿನದ್ದಾಗಿರಬೇಕು. ಬಾಡಿಗೆ ಮನೆಗಳಲ್ಲಿ ಬಹಳ ಹಳೆಯವು ಇನ್ನೂ ಇವೆ. ರಿಮೋಟಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಬ್ಯಾಟರಿ ಪಕ್ಕ ಸಾಲಾಗಿ 8, 10 ಅಥವಾ 12 ಪುಟ್ಟ ಸ್ವಿಚ್ಚುಗಳಿದ್ದರೆ ಅದು ಸ್ಥಿರ ಕೋಡಿನದು. 8 ಸ್ವಿಚ್ಚಿಗೆ ಸಾಧ್ಯವಿರುವ ಕೋಡುಗಳು ಬರೀ 256. 12 ಇದ್ದರೂ 4096 ಅಷ್ಟೇ. 2015ರಲ್ಲಿ ಸ್ಯಾಮಿ ಕಮ್ಕಾರ್ ಎಂಬ ಭದ್ರತಾ ಸಂಶೋಧಕ ಮ್ಯಾಟೆಲ್ ಕಂಪನಿಯ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ, ಇಂಥ ಬಾಗಿಲನ್ನು 10 ಸೆಕೆಂಡಿನೊಳಗೆ ತೆರೆದು ತೋರಿಸಿದರು. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಬದಲಾಯಿಸಲು ಮಾಲೀಕರನ್ನು ಒತ್ತಾಯಿಸಿ. ಬಾಗಿಲಿನ ಎರಡೂ ಬದಿ, ನೆಲದ ಹತ್ತಿರ, ಪುಟ್ಟ ದೀಪದ ಸೆನ್ಸರ್‌ಗಳಿವೆಯಾ ಅಂತಲೂ ನೋಡಿ. 1993ರಿಂದ ಅಮೆರಿಕದಲ್ಲಿ ಯಾರಾದರೂ ಬಾಗಿಲಡಿ ಸಿಕ್ಕಿಕೊಳ್ಳದಂತೆ ತಡೆಯುವ ಇಂಥ ವ್ಯವಸ್ಥೆ ಕಡ್ಡಾಯ. ಸೆನ್ಸರೇ ಇಲ್ಲ ಅಂದರೆ ಓಪನರ್ ಅದಕ್ಕೂ ಹಿಂದಿನದ್ದಾಗಿರುವ ಸಾಧ್ಯತೆ ಹೆಚ್ಚು. ಮಕ್ಕಳು, ವಯಸ್ಸಾದವರು ಓಡಾಡುವ ಮನೆಯಲ್ಲಿ ಅದು ಒಂದು ದಿನವೂ ಇರಬಾರದು. ಇತ್ತ ಲರ್ನ್ ಬಟನ್ ಹಳದಿ ಬಣ್ಣದ್ದಾಗಿದ್ದರೆ, ಚೇಂಬರ್‌ಲೇನ್ ಗುಂಪಿನ ಮಾದರಿಗಳಲ್ಲಿ ಅದು 2011ರಿಂದ ಬಂದ ಹೊಸ ಪೀಳಿಗೆ, ರೋಲಿಂಗ್ ಕೋಡಿನದ್ದೇ.

ರೋಲಿಂಗ್ ಕೋಡನ್ನೂ ಮೀರುವ ಉಪಾಯವನ್ನು ಅದೇ ಕಮ್ಕಾರ್ ಅದೇ ವರ್ಷ ತೋರಿಸಿದ್ದರು. ನಿಮ್ಮ ಸಿಗ್ನಲ್ ಓಪನರಿಗೆ ಮುಟ್ಟದಂತೆ ತಡೆದು, ಅದನ್ನು ಹಿಡಿದಿಟ್ಟುಕೊಂಡು, ಆಮೇಲೆ ಬಳಸುವುದು. ಅದಕ್ಕೆ ನಿಮ್ಮ ಮನೆ ಹತ್ತಿರ ಸಾಧನ ಇಟ್ಟು ಕಾಯಬೇಕು. ನಿಮ್ಮ ಬೀದಿಗೆ ಬರುವವನು ಕಾರಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ವೈಸರ್ ನೋಡುತ್ತಾನೆ, ಗಾಜು ಒಡೆಯುತ್ತಾನೆ. ನಾನಾದರೆ ರೇಡಿಯೊ ಬಗ್ಗೆ ನಿದ್ದೆಗೆಡುವುದಿಲ್ಲ.

ರಿಮೋಟನ್ನು ಗ್ಲವ್ ಬಾಕ್ಸಿನಲ್ಲೋ ಸೀಟಿನ ಕೆಳಗೋ ಇಡಬಹುದಾ? ಕಣ್ಣಿಗೆ ಕಾಣದಿದ್ದರೆ ಗಾಜು ಒಡೆಯುವ ಆಸೆ ಕಡಿಮೆಯಾಗಬಹುದು. ಆದರೆ ಕಾರಿನೊಳಗೆ ಬಂದವನು ಮೊದಲು ತೆಗೆಯುವುದೇ ಗ್ಲವ್ ಬಾಕ್ಸ್. ಅಲ್ಲಿ ರಿಜಿಸ್ಟ್ರೇಶನ್ ಕಾರ್ಡ್ ಇರುತ್ತದೆ, ಅದರಲ್ಲಿ ವಿಳಾಸ. ಕ್ಯಾಲಿಫೋರ್ನಿಯಾದಲ್ಲಿ ಅದು ಗಾಡಿಯಲ್ಲಿ ಇರಬೇಕೆಂದು ಕಾನೂನಿದೆ, ತೆಗೆಯಬೇಡಿ. ಇನ್ಶೂರೆನ್ಸ್ ಪುರಾವೆಯನ್ನು ಫೋನಿನಲ್ಲಿ ತೋರಿಸಿದರೆ ನಡೆಯುತ್ತದೆ, ಆ ಕಾಗದ ಒಳಗಿಡಿ. ವಿಳಾಸ ಬರೆದ ಲಕೋಟೆ, ಅಮೆಜಾನ್ ಡಬ್ಬ ಕಾರಿನಲ್ಲಿ ಬಿಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾರ್ಕ್ ಮಾಡಿದಾಗ ಇದು ಇನ್ನೂ ಮುಖ್ಯ. ಅಲ್ಲಿ ರಿಮೋಟ್ ಮತ್ತು ವಿಳಾಸ ಎರಡೂ ಒಟ್ಟಿಗೆ ಹೋದರೆ, ನೀವು ಪಿಯರ್ 39ರಲ್ಲಿ ನಿಂತು ಪೊಲೀಸ್ ರಿಪೋರ್ಟ್ ಬರೆಸುವ ಹೊತ್ತಿಗೆ ಯಾರೋ ಫ್ರೀಮಾಂಟ್ ಕಡೆ ಹೊರಟಿರಬಹುದು. ಹಾಗಾದರೆ ಮೊದಲು ಮನೆಗೆ ಫೋನ್ ಮಾಡಿ, ಒಳಬಾಗಿಲು ಹಾಕಿಸಿ, ಗೋಡೆಯ ಲಾಕ್ ಬಟನ್ ಒತ್ತಿಸಿ. ರಿಪೋರ್ಟ್ ಆಮೇಲೆ.

ರಿಮೋಟ್ ಬದಲು ಕೀಚೈನ್ ರಿಮೋಟ್ ಕೊಳ್ಳಿ. ಹೆಬ್ಬೆರಳಿನಷ್ಟು ಚಿಕ್ಕದು, ಮನೆ ಕೀಲಿಯ ಜೊತೆಗೇ ಇರುತ್ತದೆ, ಕಾರಿನಿಂದ ಇಳಿದಾಗ ತಾನಾಗಿ ಜೊತೆಗೆ ಬರುತ್ತದೆ. ನೀವು ದಿನಾ ನೆನಪಿಟ್ಟುಕೊಳ್ಳಬೇಕಾದ ಕೆಲಸವೇ ಇಲ್ಲ, ಅದಕ್ಕೇ ಇದು ನನಗೆ ಇಷ್ಟ. ಸರ್ವಿಸ್‌ಗೆ, ವ್ಯಾಲೆಗೆ (ಕಾರು ಪಾರ್ಕ್ ಮಾಡಿಕೊಡುವವರಿಗೆ) ಕಾರು ಬಿಡುವಾಗ ಮಾತ್ರ ಕಾರಿನ ಕೀಲಿ ಬಿಡಿಸಿ ಕೊಡಿ. ಮಗ ಸ್ಕೂಲಿನಿಂದ ಬರುತ್ತಾನೆ, ಮಾವ ವಾಕಿಂಗ್ ಹೋಗುತ್ತಾರೆ ಅಂದರೆ ಹೊರಗಿನ ಕೀಪ್ಯಾಡ್ ಸಾಕು. ಮನೆ ನಂಬರ್, ಹುಟ್ಟಿದ ವರ್ಷ ಬೇಡ. ಒಂದೇ ನಂಬರ್ ವರ್ಷಗಟ್ಟಲೆ ಇಟ್ಟರೆ ಆ ಅಂಕಿಗಳ ಬಟನ್ ಮಾತ್ರ ಸವೆದು ಹೊಳೆಯುತ್ತದೆ, ಆಗಾಗ ಬದಲಾಯಿಸಿ.

ನೀವು ಮಾರಬೇಕೆಂದಿರುವ ಕಾರು. ಕನ್ನಡಿಯ ಕೆಳಗಿರುವ ಮೂರು ಬಟನ್ ಸಾಮಾನ್ಯವಾಗಿ ಹೋಮ್‌ಲಿಂಕ್. ಅದೂ ರಿಮೋಟೇ, ಬಿಚ್ಚಿ ತೆಗೆಯಲು ಬರುವುದಿಲ್ಲ ಅಷ್ಟೇ. ಹೆಚ್ಚಿನ ಕಾರುಗಳಲ್ಲಿ ಮೊದಲನೆಯ ಮತ್ತು ಮೂರನೆಯ ಬಟನ್ ಒಟ್ಟಿಗೆ 10ರಿಂದ 20 ಸೆಕೆಂಡ್ ಒತ್ತಿ ಹಿಡಿದರೆ ದೀಪ ಬೇಗ ಬೇಗ ಮಿಣುಕಿ, ಮೂರೂ ಅಳಿಸಿಹೋಗುತ್ತವೆ. ಕೆಲವು ಕಾರುಗಳಲ್ಲಿ ಸ್ಕ್ರೀನಿನ ಮೆನುವಿನಿಂದ ಅಳಿಸಬೇಕು. ಜಿಪಿಎಸ್‌ನಲ್ಲಿ 'ಹೋಮ್' ಅಂತ ಉಳಿಸಿದ ವಿಳಾಸವನ್ನೂ ಅಳಿಸಿ. ಕೊಳ್ಳುವವರು ನೋಡಲು ಬರುವ ಮೊದಲೇ ಈ ಕೆಲಸ ಮುಗಿಸಿ. ಟೆಸ್ಟ್ ಡ್ರೈವ್‌ಗೆ ಕೂತವರು ನಿಮ್ಮ ಬಟನ್ ಒತ್ತಿ ನೋಡುವ ಸ್ಥಿತಿ ಬರಬಾರದು.

ಇಟ್ಟುಕೊಳ್ಳುವ ಕಾರಿನಲ್ಲೂ ಇಂಥ ಬಟನ್ ಇದ್ದರೆ ಒಂದು ಪರೀಕ್ಷೆ ಮಾಡಿ. ಕಾರು ಆಫ್ ಮಾಡಿ, ಕೀಲಿಯನ್ನು ಒಳಗೆ ಮನೆಯಲ್ಲಿಟ್ಟು ಬಂದು, ಬಟನ್ ಒತ್ತಿ. ಹಲವು ಕಾರುಗಳಲ್ಲಿ ಏನೂ ಆಗುವುದಿಲ್ಲ. ಕೆಲವುಗಳಲ್ಲಿ ಬಾಗಿಲು ಏಳುತ್ತದೆ. ಎದ್ದರೆ ಆ ಕಾರಿನಿಂದ ಅದನ್ನು ಅಳಿಸಿಬಿಡಿ. ಹೊರಗೆ ನಿಲ್ಲುವ ಕಾರಿಗೆ ಆ ಅನುಕೂಲ ಬೇಡ.

ಅತ್ತೆ ಮಾವನವರ ಬಗ್ಗೆ. ಅವರನ್ನು ಹೆದರಿಸಬೇಡಿ, ಆದರೆ ಹೇಳದೆ ಇರಬೇಡಿ. ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ. ನೀವು ಹೊತ್ತಲ್ಲದ ಹೊತ್ತಿನಲ್ಲಿ ಬರುವುದಾದರೆ ಬೀದಿ ತಿರುವಿನಲ್ಲೇ ಫೋನ್ ಮಾಡಿ ಹೇಳುತ್ತೀರಿ. ಫೋನ್ ಬಾರದೆ ಗ್ಯಾರೇಜ್ ಸದ್ದಾದರೆ ಅವರು ಹೋಗಿ ನೋಡುವುದು ಬೇಡ. ನಮ್ಮ ಹಿರಿಯರಿಗೆ "ಯಾರದು?" ಅಂತ ಬಾಗಿಲು ತೆಗೆಯುವುದೇ ರೂಢಿ, ಅದಕ್ಕೇ ಇದನ್ನು ಬಾಯಿಬಿಟ್ಟು ಹೇಳಬೇಕು. ಒಳಬಾಗಿಲಿಗೆ ಲಾಕ್ ಇದ್ದೇ ಇರುತ್ತದೆ, ಅವರು ಮುಂಬಾಗಿಲಿನಿಂದ ಹೊರಗೆ ನೆರೆಮನೆಗೆ ಹೋಗಿ 911ಕ್ಕೆ ಫೋನ್ ಮಾಡಲಿ. ಇಂಗ್ಲಿಷ್ ತಡವರಿಸಿದರೆ "ಕನ್ನಡ, ಇಂಡಿಯಾ" ಅಂತ ಹೇಳಲಿ. ದುಭಾಷಿಯನ್ನು ಫೋನಿನಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ 911 ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಮನೆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಒಂದು ಚೀಟಿ ಫೋನಿನ ಕವರಿನೊಳಗೆ ಇಟ್ಟುಕೊಡಿ.

ಮೈಸೂರಿನ ಗೇಟಿಗೆ ಬಂದರೆ, ಅಲ್ಲಿನ ತೊಂದರೆ ಸ್ವಲ್ಪ ಬೇರೆ. ನಮ್ಮಲ್ಲಿ ಗೇಟಿಗೂ ಶಟರಿಗೂ ಹಾಕುವ ಅಗ್ಗದ ರಿಮೋಟ್‌ಗಳಲ್ಲಿ ಎಷ್ಟೋ 433 ಮೆಗಾಹರ್ಟ್ಸ್‌ನಲ್ಲಿ ಸ್ಥಿರ ಕೋಡ್ ಕಳಿಸುವಂಥವು. ಅವುಗಳನ್ನು ಕಾಪಿ ಮಾಡುವ ಖಾಲಿ ರಿಮೋಟ್‌ಗಳು ಸುಲಭವಾಗಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಹಿಡಿದು ಬಟನ್ ಒತ್ತಿದರೆ ಇನ್ನೊಂದು ತಯಾರು. ಅಂದರೆ ಅಲ್ಲಿ ಕಳ್ಳ ರಿಮೋಟ್ ಕದಿಯಬೇಕಾಗಿಯೂ ಇಲ್ಲ, ಕಾರನ್ನು ವಾಶ್‌ಗೋ ಸರ್ವಿಸ್‌ಗೋ ಬಿಟ್ಟ ಒಂದು ಗಂಟೆ ಸಾಕು, ಮತ್ತು ಕಾಪಿ ಆದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಗೇಟ್ ಹಾಕಿದವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಇದು ರೋಲಿಂಗ್ ಕೋಡಿನದಾ? ಕಳೆದುಹೋದ ರಿಮೋಟನ್ನು ಅಳಿಸುವುದು ಹೇಗೆ? ಮೊದಲನೆಯದಕ್ಕೆ ಇಲ್ಲ ಅಂದರೆ ರೋಲಿಂಗ್ ಕೋಡಿನ ರಿಸೀವರ್ ಬೋರ್ಡ್ ಹಾಕಿಕೊಡಲು ಹೇಳಿ, ಎಷ್ಟೋ ಸಲ ಮೋಟರ್ ಬದಲಾಯಿಸಬೇಕಾಗಿಲ್ಲ. ಕಾರಿನ ಆರ್‌ಸಿ ಕಾಗದವನ್ನು ಡ್ಯಾಶ್‌ಬೋರ್ಡಿನಲ್ಲಿ ಇಡುವ ಅಗತ್ಯವೂ ಇಲ್ಲ. 2018ರಿಂದ ಡಿಜಿಲಾಕರ್, ಎಂಪರಿವಾಹನ್‌ನಲ್ಲಿ ತೋರಿಸಿದರೆ ಒಪ್ಪಬೇಕು ಅಂತ ಕೇಂದ್ರ ಸಾರಿಗೆ ಇಲಾಖೆ ಹೇಳಿದೆ. ಮಾವನವರು ಇಲ್ಲಿರುವ ತಿಂಗಳುಗಳಲ್ಲಿ ಆ ಮನೆ ಖಾಲಿ ಇದ್ದರೆ, ಗೇಟ್ ಮೋಟರಿನ ಮೇನ್ ಸ್ವಿಚ್ ಆರಿಸಿ, ಗೇಟಿಗೆ ಒಂದು ಒಳ್ಳೆಯ ಬೀಗ ಹಾಕಲು ಪಕ್ಕದ ಮನೆಯವರಿಗೆ ಇವತ್ತೇ ಹೇಳಿಸಿ.